ಎದುರಾಳಿಯ ಪೀಪಾಯಿಯಲ್ಲೂ ರಾಕ್‌ಫೆಲ್ಲರ್‌ಗೆ ಪಾಲು

[ತೆರೆಯ ಮೇಲೆ: ಚೌಕಾಕಾರದ ಹಳೆಯ ತಗಡಿನ ಡಬ್ಬ. ಕ್ಯಾಮೆರಾ ಮುಚ್ಚಳದ ಬೆಸುಗೆಯ ಹತ್ತಿರಕ್ಕೆ ಹೋಗುತ್ತದೆ.]

ನಮಸ್ಕಾರ. ಈ ಡಬ್ಬವನ್ನು ಸರಿಯಾಗಿ ನೋಡಿ. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಸೀಮೆಎಣ್ಣೆ ಹಿಡಿಯುತ್ತದೆ. 1870ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಕಾರ್ಖಾನೆಯಲ್ಲಿ, ಹೊರದೇಶಕ್ಕೆ ಕಳಿಸುವ ಇಂಥ ಡಬ್ಬಗಳ ಬಾಯಿಗೆ ಬೆಸುಗೆ ಹಾಕುತ್ತಿದ್ದರು. ನೋಡಲು ಬಂದ ಮಾಲೀಕ, ಒಂದಕ್ಕೆ ಎಷ್ಟು ತೊಟ್ಟು ಬೆಸುಗೆ ಬೇಕು ಎಂದು ವಿಚಾರಿಸಿದ. ನಲವತ್ತು ಎಂದರು. ಮೂವತ್ತೆಂಟರಲ್ಲಿ ಮಾಡಿ ನೋಡಿ ಎಂದ. ಕೆಲವು ಡಬ್ಬಗಳು ಸೋರಿದವು. ಮೂವತ್ತೊಂಬತ್ತಕ್ಕೆ ಒಂದೂ ಸೋರಲಿಲ್ಲ. ಆ ಒಂದು ತೊಟ್ಟಿನಿಂದ ಮೊದಲ ವರ್ಷವೇ 2,500 ಡಾಲರ್ ಉಳಿಯಿತು.

ಆ ಮಾಲೀಕ ಜಾನ್ ಡಿ. ರಾಕ್‌ಫೆಲ್ಲರ್. ಕಂಪನಿ ಸ್ಟ್ಯಾಂಡರ್ಡ್ ಆಯಿಲ್. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಯ ಸಾಲಿನಲ್ಲೇ ನಾವು ಸೀಮೆಎಣ್ಣೆ ಎನ್ನುತ್ತೇವಲ್ಲ, ಹೊರಸೀಮೆಯಿಂದ ಬಂದ ಎಣ್ಣೆ ಎಂದು? ಆ ಹೊರಸೀಮೆಗಳಲ್ಲಿ ಅಮೆರಿಕವೂ ಒಂದು. ಭಾರತಕ್ಕೂ ಈ ಕಂಪನಿಯ ಎಣ್ಣೆ ಇಂಥ ಡಬ್ಬಗಳಲ್ಲೇ ಹಡಗೇರಿ ಬರುತ್ತಿತ್ತು.

ಬೆಸುಗೆಯ ಕತೆಯನ್ನು ರಾಕ್‌ಫೆಲ್ಲರ್ ತಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವಂಥದ್ದೇ, ಇಲ್ಲವೆನ್ನುವುದಿಲ್ಲ. ಆದರೆ ತೊಟ್ಟು ಬೆಸುಗೆ ಉಳಿಸಿದವನಿಗೆಲ್ಲ ಒಂದು ದೇಶದ ಎಣ್ಣೆ ಶುದ್ಧೀಕರಣದ ಶೇ 90ರಷ್ಟು ಪಾಲು ದಕ್ಕುವುದಿಲ್ಲ. 1880ರ ಹೊತ್ತಿಗೆ ಈತನಿಗೆ ದಕ್ಕಿತ್ತು. ಅದರ ಗುಟ್ಟು ಡಬ್ಬದಲ್ಲಿರಲಿಲ್ಲ, ರೈಲಿನಲ್ಲಿತ್ತು.

[ತೆರೆಯ ಮೇಲೆ: ಪೆನ್ಸಿಲ್ವೇನಿಯಾದ ನಕ್ಷೆ. ಟೈಟಸ್‌ವಿಲ್ ಮೇಲೆ ಕೆಂಪು ಚುಕ್ಕೆ.]

1859ರಲ್ಲಿ ಎಡ್ವಿನ್ ಡ್ರೇಕ್ ಟೈಟಸ್‌ವಿಲ್ಲಿನಲ್ಲಿ ಕೊರೆದ ಬಾವಿಯಲ್ಲಿ 70 ಅಡಿ ಮುಟ್ಟುವ ಮೊದಲೇ ಎಣ್ಣೆ ಸಿಕ್ಕಿತು. ಜನ ಮುಗಿಬಿದ್ದರು. ರಾಕ್‌ಫೆಲ್ಲರ್ ಮಾತ್ರ ಆಗ ಬಾವಿ ಕೊರೆಯುವ ಗೋಜಿಗೆ ಹೋಗಲಿಲ್ಲ. ಆತ ಕ್ಲೀವ್‌ಲ್ಯಾಂಡಿನಲ್ಲಿ ಲೆಕ್ಕ ಬರೆಯುತ್ತ ಬೆಳೆದವನು. ಹದಿನಾರನೆಯ ವಯಸ್ಸಿನಲ್ಲಿ ಮೊದಲ ಕೆಲಸ ಸಿಕ್ಕ ಸೆಪ್ಟೆಂಬರ್ 26 ಆತನಿಗೆ ಕೊನೆಯವರೆಗೂ ವರ್ಷವರ್ಷವೂ ಹಬ್ಬ. ಎಣ್ಣೆ ಎಲ್ಲಿ ಸಿಕ್ಕರೂ ಶುದ್ಧೀಕರಣಕ್ಕೆ ಬರಲೇಬೇಕು, ಅಲ್ಲಿಂದ ರೈಲು ಹತ್ತಲೇಬೇಕು ಎಂಬುದು ಆತನ ಲೆಕ್ಕ. 1870ರ ಜನವರಿಯಲ್ಲಿ 10 ಲಕ್ಷ ಡಾಲರ್ ಬಂಡವಾಳದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಶುರುವಾಯಿತು.

ರೈಲು ಕಂಪನಿಗಳ ಪಾಡನ್ನೂ ತಿಳಿಯಬೇಕು. ಹಳಿ ಹಾಕಿಯಾಗಿದೆ, ಸಾಲದ ಬಡ್ಡಿ ಓಡುತ್ತಿದೆ, ವ್ಯಾಗನ್ ತುಂಬಿದರೂ ಖಾಲಿ ಓಡಿದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಪೆನ್ಸಿಲ್ವೇನಿಯಾ, ಈರಿ, ನ್ಯೂಯಾರ್ಕ್ ಸೆಂಟ್ರಲ್ ಎಂಬ ಮೂರು ಕಂಪನಿಗಳು ಎಣ್ಣೆ ಸಾಗಣೆಗಾಗಿ ದರ ಇಳಿಸಿ ಇಳಿಸಿ ಹೊಡೆದಾಡುತ್ತಿದ್ದವು. ದಿನವೂ ತಪ್ಪದೆ ಇಷ್ಟು ವ್ಯಾಗನ್ ತುಂಬಿಸುತ್ತೇನೆ ಎನ್ನುವ ಗಿರಾಕಿ ಸಿಕ್ಕರೆ ಅವು ಯಾವ ಕಾಗದಕ್ಕೂ ಸಹಿ ಹಾಕುವ ಸ್ಥಿತಿಯಲ್ಲಿದ್ದವು.

1872ರ ಆರಂಭದಲ್ಲಿ ಹಾಗೆಯೇ ಸಹಿ ಹಾಕಿದವು. ಕಾಗದದ ಮೇಲಿದ್ದ ಹೆಸರು ಸೌತ್ ಇಂಪ್ರೂವ್‌ಮೆಂಟ್ ಕಂಪನಿ. ಅದು ರಾಕ್‌ಫೆಲ್ಲರ್ ಮತ್ತು ಕೆಲವೇ ದೊಡ್ಡ ಶುದ್ಧೀಕರಣದಾರರ ಕೂಟ.

[ತೆರೆಯ ಮೇಲೆ: ಎರಡು ಪೀಪಾಯಿಗಳು. ಒಂದರ ಪಕ್ಕ 40, ಇನ್ನೊಂದರ ಪಕ್ಕ 80.]

ಒಪ್ಪಂದ ಹೀಗಿತ್ತು. ಪೆನ್ಸಿಲ್ವೇನಿಯಾದ ಬಾವಿಗಳಿದ್ದ ಎಣ್ಣೆ ಸೀಮೆಯಿಂದ ಕ್ಲೀವ್‌ಲ್ಯಾಂಡಿಗೆ ಒಂದು ಪೀಪಾಯಿ ಕಚ್ಚಾ ಎಣ್ಣೆಗೆ ಎಲ್ಲರಿಗೂ 80 ಸೆಂಟ್ ಬಾಡಿಗೆ. ಕೂಟದವರಿಗೆ ಅದರಲ್ಲಿ 40 ಸೆಂಟ್ ವಾಪಸು. ಇಷ್ಟೇ ಆಗಿದ್ದರೆ ದೊಡ್ಡ ಗಿರಾಕಿಗೆ ರಿಯಾಯಿತಿ ಎಂದು ಸುಮ್ಮನಾಗಬಹುದಿತ್ತು. ಆದರೆ ಕೂಟದ ಹೊರಗಿನವರು ಪೂರ್ತಿ 80 ಸೆಂಟ್ ಕೊಡುತ್ತಾರಲ್ಲ, ಅದರಲ್ಲೂ 40 ಸೆಂಟ್ ಕೂಟಕ್ಕೇ! ಪಕ್ಕದ ಅಂಗಡಿಯವನು ತನ್ನ ಸಾಮಾನಿಗೆ ಲಾರಿ ಬಾಡಿಗೆ ಕೊಟ್ಟರೆ ಅರ್ಧ ಹಣ ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದು ಬೀಳುವುದನ್ನು ಊಹಿಸಿಕೊಳ್ಳಿ. ಸಾಲದ್ದಕ್ಕೆ, ಯಾರು ಯಾರಿಗೆ ಎಷ್ಟು ಎಣ್ಣೆ ಕಳಿಸಿದರು ಎಂಬ ವಿವರವನ್ನೂ ರೈಲಿನವರು ದಿನದಿನವೂ ಒಪ್ಪಿಸಬೇಕಿತ್ತು.

ಸುದ್ದಿ ಸೋರಿತು. ಎಣ್ಣೆ ಸೀಮೆ ಸಿಡಿದೆದ್ದಿತು. ಬಾವಿಯವರು ಕೂಟಕ್ಕೆ ಎಣ್ಣೆ ಮಾರುವುದನ್ನೇ ನಿಲ್ಲಿಸಿದರು. ಕೆಲವೇ ವಾರಗಳಲ್ಲಿ ರೈಲು ಕಂಪನಿಗಳು ಹಿಂದೆ ಸರಿದವು, ಪೆನ್ಸಿಲ್ವೇನಿಯಾ ರಾಜ್ಯ ಕಂಪನಿಯ ಪರವಾನಗಿಯನ್ನೇ ಕಿತ್ತುಕೊಂಡಿತು. ಆ ಒಪ್ಪಂದದಡಿ ಒಂದು ಪೀಪಾಯಿಯೂ ಸಾಗಲಿಲ್ಲ.

ಆದರೆ ಸಾಗಬೇಕಾಗಿಯೂ ಇರಲಿಲ್ಲ. ಅದೇ ವಾರಗಳಲ್ಲಿ ರಾಕ್‌ಫೆಲ್ಲರ್ ಕ್ಲೀವ್‌ಲ್ಯಾಂಡಿನ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಕಂಡು, ಸ್ಟ್ಯಾಂಡರ್ಡ್‌ನ ಷೇರು ಬೇಕೋ ನಗದು ಬೇಕೋ ಎಂದು ಕೇಳಿದ. 26 ಜನರಲ್ಲಿ 22 ಮಂದಿ ಮಾರಿಬಿಟ್ಟರು. ಕೊಡಲಿ ಎತ್ತಿದ್ದಷ್ಟೇ, ಮರ ತಾನಾಗಿ ಮಲಗಿತು. ಷೇರು ತೆಗೆದುಕೊಂಡು ಇಟ್ಟುಕೊಂಡವರು ಮುಂದೆ ಸಿರಿವಂತರಾದರು ಎಂಬುದನ್ನೂ ಹೇಳಬೇಕು. ಬಹಳ ಜನ ನಗದನ್ನೇ ಕೇಳಿದರು.

ಆ ಉಪಾಯವೂ ಅಲ್ಲಿಗೇ ಮುಗಿಯಲಿಲ್ಲ. ಒಹಾಯೊದ ಮರಿಯೆಟ್ಟಾದಲ್ಲಿ ಜಾರ್ಜ್ ರೈಸ್ ಎಂಬ ಸಣ್ಣ ಶುದ್ಧೀಕರಣದಾರನಿದ್ದ, ಮಹಾ ಹಟಮಾರಿ. 1885ರಲ್ಲಿ ಸ್ಥಳೀಯ ರೈಲಿನವರು ಆತನಿಗೆ ಪೀಪಾಯಿಗೆ 35 ಸೆಂಟ್ ಹಾಕಿದರು, ಸ್ಟ್ಯಾಂಡರ್ಡ್‌ಗೆ 10. ರೈಸ್ ಕೊಟ್ಟ 35ರಲ್ಲಿ 25 ಸೆಂಟ್ ಸದ್ದಿಲ್ಲದೆ ಸ್ಟ್ಯಾಂಡರ್ಡ್‌ಗೆ ಹೋಗುತ್ತಿತ್ತು. ಈ ಸಲ ಪೀಪಾಯಿಗಳು ನಿಜವಾಗಿಯೇ ಸಾಗಿದ್ದವು. ರೈಸ್ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಹಣ ಮರಳಿತು, ಕೆಲವು ನೂರು ಡಾಲರ್ ಅಷ್ಟೇ. ಮೊತ್ತ ಚಿಕ್ಕದೆಂದು ಸ್ಟ್ಯಾಂಡರ್ಡ್ ಕಡೆಯವರು ನಕ್ಕಿರಬಹುದು. ನನಗಂತೂ ಈ ಇಡೀ ಕತೆಯಲ್ಲಿ ಇಷ್ಟು ಬೆತ್ತಲೆಯಾಗಿ ಕಾಣುವ ಪುಟ ಬೇರೊಂದಿಲ್ಲ.

[ತೆರೆಯ ಮೇಲೆ: ನ್ಯೂಯಾರ್ಕ್, 26 ಬ್ರಾಡ್‌ವೇ ಕಟ್ಟಡ.]

1882ರಲ್ಲಿ ಟ್ರಸ್ಟ್ ಹುಟ್ಟಿತು. ಟ್ರಸ್ಟ್ ಎಂದರೆ ನಮಗೆ ಶಾಲೆ, ಛತ್ರ, ದೇವಸ್ಥಾನ ನೆನಪಾಗುತ್ತದೆ. ಇದು ಬೇರೆ. ಒಂದು ರಾಜ್ಯದ ಕಂಪನಿ ಇನ್ನೊಂದು ರಾಜ್ಯದ ಕಂಪನಿಯ ಷೇರು ಹೊಂದಲು ಕಾನೂನು ಅಡ್ಡಬರುತ್ತಿತ್ತು. ವಕೀಲ ಸ್ಯಾಮ್ಯುಯೆಲ್ ಡಾಡ್ ಉಪಾಯ ಹೇಳಿದ: ಎಲ್ಲ ಕಂಪನಿಗಳ ಷೇರುಗಳನ್ನೂ ಒಂಬತ್ತು ಟ್ರಸ್ಟಿಗಳ ಕೈಗೆ ಒಪ್ಪಿಸಿ. ಕಾಗದದಲ್ಲಿ ಹತ್ತಾರು ಕಂಪನಿಗಳು, ಯಜಮಾನಿಕೆ ಒಂದೇ ಕೋಣೆಯಲ್ಲಿ. ಸಕ್ಕರೆಯವರು, ಮದ್ಯದವರು ಇದನ್ನೇ ನಕಲು ಮಾಡಿದರು. ಉಕ್ಕಿನ ದಾರಿ ಬೇರೆ: ಅಲ್ಲಿ 1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಆಂಡ್ರ್ಯೂ ಕಾರ್ನೆಗಿಯ ಕಾರ್ಖಾನೆಗಳನ್ನು 48 ಕೋಟಿ ಡಾಲರಿಗೆ ಇಡಿಯಾಗಿ ಕೊಂಡ.

ಗ್ರಾಹಕನಿಗೆ ಮೋಸವಾಯಿತೇ? ಇಲ್ಲಿ ಕತೆ ತೊಡಕಾಗುತ್ತದೆ. 1870ರಲ್ಲಿ ಗ್ಯಾಲನ್ನಿಗೆ ಸುಮಾರು 26 ಸೆಂಟ್ ಇದ್ದ ಸೀಮೆಎಣ್ಣೆ, 1890ರ ಹೊತ್ತಿಗೆ ಏಳೆಂಟು ಸೆಂಟಿಗೆ ಇಳಿದಿತ್ತು. ಬಡವರ ಮನೆಯಲ್ಲೂ ಲಾಟೀನು ಹೊತ್ತಿತು. ಕಚ್ಚಾ ಎಣ್ಣೆಯೇ ಅಗ್ಗವಾಗಿತ್ತು ಎಂಬುದು ನಿಜ, ಕಂಪನಿ ಜಾಣತನದಿಂದ ಖರ್ಚು ಇಳಿಸಿತ್ತು ಎಂಬುದೂ ನಿಜ. ದರ ಇಳಿದದ್ದನ್ನು ತೋರಿಸಿ ರೈಸ್‌ನ 25 ಸೆಂಟನ್ನು ಮರೆಸುವವರ ಮಾತಿಗೆ ಮಾತ್ರ ನಾನು ತಲೆಯಾಡಿಸಲಾರೆ.

[ತೆರೆಯ ಮೇಲೆ: ಐಡಾ ಟಾರ್ಬೆಲ್ ಭಾವಚಿತ್ರ.]

ಮರೆಯದವಳು ಐಡಾ ಟಾರ್ಬೆಲ್. ಆಕೆಯ ತಂದೆ ಎಣ್ಣೆ ಸೀಮೆಯಲ್ಲಿ ಮರದ ತೊಟ್ಟಿ ಕಟ್ಟುತ್ತಿದ್ದವನು. 1872ರ ಗಲಾಟೆಯ ಕಾಲಕ್ಕೆ ಆಕೆಗೆ ಹದಿನಾಲ್ಕು. ಮೂವತ್ತು ವರ್ಷಗಳ ನಂತರ, 1902ರಿಂದ, ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಸ್ಟ್ಯಾಂಡರ್ಡ್‌ನ ಚರಿತ್ರೆಯನ್ನು 19 ಕಂತುಗಳಲ್ಲಿ ಬರೆದಳು. ಆಕೆಗೆ ಸಿಕ್ಕ ಅತಿ ದೊಡ್ಡ ಪುರಾವೆ ತಲುಪಿದ್ದು ಒಬ್ಬ ಹುಡುಗನಿಂದ. ಸ್ಟ್ಯಾಂಡರ್ಡ್‌ನ ಒಂದು ಕಚೇರಿಯಲ್ಲಿ ಹಳೆಯ ಕಾಗದ ಸುಡುವುದು ಅವನ ಕೆಲಸ. ಒಂದು ದಿನ ಸುಡಬೇಕಾದ ಹಾಳೆಯಲ್ಲಿ ತನ್ನ ಭಾನುವಾರದ ಪಾಠಶಾಲೆಯ ಮೇಷ್ಟ್ರ ಹೆಸರು ಕಂಡ. ಮೇಷ್ಟ್ರೂ ಸಣ್ಣ ಎಣ್ಣೆ ವ್ಯಾಪಾರಿ. ಅವರು ಯಾವ ರೈಲಿನಲ್ಲಿ ಎಷ್ಟು ಎಣ್ಣೆ ಕಳಿಸಿದರು ಎಂಬ ವರದಿ ಅದು, ರೈಲಿನವರೇ ಕೊಟ್ಟದ್ದು. ಹುಡುಗ ಹಾಳೆಗಳನ್ನು ಸುಡದೆ ಮೇಷ್ಟ್ರಿಗೆ ಕೊಟ್ಟ, ಅವರಿಂದ ಅವು ಟಾರ್ಬೆಲ್ ಕೈ ಸೇರಿದವು.

1911ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ಸ್ಟ್ಯಾಂಡರ್ಡ್ ಅನ್ನು 34 ಕಂಪನಿಗಳಾಗಿ ಒಡೆಯಿತು. ಸುದ್ದಿ ಬಂದಾಗ ರಾಕ್‌ಫೆಲ್ಲರ್ ಗಾಲ್ಫ್ ಆಡುತ್ತಿದ್ದನಂತೆ, ಜೊತೆಗಿದ್ದ ಪಾದ್ರಿಗೆ ಸ್ಟ್ಯಾಂಡರ್ಡ್ ಷೇರು ಕೊಳ್ಳಲು ಹೇಳಿದನಂತೆ. ನಿಜವೋ ಕಟ್ಟುಕತೆಯೋ, ಸಲಹೆಯಂತೂ ಸರಿಯಾಗಿತ್ತು. ಮೋಟಾರು ಕಾರುಗಳು ಬಂದಿದ್ದವು, ಪೆಟ್ರೋಲಿಗೆ ಬೇಡಿಕೆ ಏರುತ್ತಿತ್ತು. ತುಂಡುಗಳ ಬೆಲೆ ಇಡಿಯದನ್ನು ಮೀರಿತು, ಮುದುಕನ ಆಸ್ತಿ ಕೆಲವೇ ವರ್ಷಗಳಲ್ಲಿ ಹಲವು ಪಟ್ಟಾಯಿತು. ಆ ತುಂಡುಗಳಲ್ಲಿ ಎರಡರ ವಾರಸುದಾರರು, ಎಕ್ಸಾನ್ ಮತ್ತು ಮೊಬಿಲ್, 1999ರಲ್ಲಿ ಮತ್ತೆ ಒಂದಾದರು.

[ತೆರೆಯ ಮೇಲೆ: ಮಲೆನಾಡಿನ ಕಾಡು.]

ಆ ಹಣದ ಒಂದು ಪಾಲು 1913ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನವಾಯಿತು. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ 1952ರಲ್ಲಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರ ತೆರೆಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಉಣುಗಿನಿಂದ ಹರಡುವ ಆ ವೈರಾಣುವನ್ನು ಗುರುತಿಸಿದ್ದು ಈ ಕೇಂದ್ರದವರೇ. ನಾವು ಮಂಗನ ಕಾಯಿಲೆ ಎನ್ನುವುದು ಅದಕ್ಕೇ.