ಹಸು, ಹಾಲು ಮತ್ತು ದುಬಾರಿ ಇಂಜೆಕ್ಷನ್

ಕೇಳುಗರಿಗೆ ನಮಸ್ಕಾರ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ಕಾಯಿಲೆ ಇದೆ. ನರದ ಮೇಲಿನ ಹೊದಿಕೆಯನ್ನು ನಮ್ಮ ಮೈಯ ಕಾವಲು ಪಡೆಯೇ ಹಾಳು ಮಾಡುತ್ತದೆ. ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಔಷಧಿ ದುಬಾರಿ. ಸರ್ಕಾರ ಹಣ ಕೊಡಬೇಕಾ? ಕೊಡಲಿ. ಆದರೆ ಯಾವುದರ ಜೊತೆ ಹೋಲಿಸಿ ಅಳೆಯುತ್ತೀರಿ ಅಂತ ಮೊದಲೇ ಬರೆದಿಡಿ. ನನ್ನ ಮಾತು ಇಷ್ಟೇ.

ನಮ್ಮಜ್ಜ ಒಂದು ಹಸು ಕೊಂಡರು. ದಿನಕ್ಕೆ ಎಂಟು ಸೇರು ಹಾಲು ಅಂದಿದ್ದ ಮಾರುವವನು. ಅರ್ಧ ಹಣ ಈಗ, ಉಳಿದದ್ದು ತಿಂಗಳು ಕಳೆದ ಮೇಲೆ, ಹಾಲು ನೋಡಿ. ತಿಂಗಳಾಯಿತು, ಐದೇ ಸೇರು! ಅಜ್ಜ ಹೋಗಿ ಕೇಳಿದರೆ, "ಯಜಮಾನರೇ, ನಿಮ್ಮ ಮೇವು ಸರಿಯಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎಂಟು ಕೊಡ್ತಿತ್ತು" ಅಂದ. ಅಲ್ಲಿ ಅಳೆದು ನೋಡಿದವರು ಯಾರು? ಯಾರೂ ಇಲ್ಲ. ಅಜ್ಜ ಸುಮ್ನೆ ಪೂರ್ತಿ ಹಣ ಕೊಟ್ಟು ಬಂದರು. ಅಜ್ಜಿ ಸಾಯೋವರೆಗೂ ಅದನ್ನು ಎತ್ತಿ ಆಡಿದರು.

ಬ್ರಿಟನ್ನಿನಲ್ಲೂ ಹೀಗೇ ಆಯಿತು. ಅಲ್ಲಿ ಔಷಧಿಗಳ ಲೆಕ್ಕ ನೋಡುವ ಸಂಸ್ಥೆ ನೈಸ್. ಈ ಕಾಯಿಲೆಗೆ ಕೊಡುವ ಇಂಜೆಕ್ಷನ್‌ಗಳಾದ ಬೀಟಾ ಇಂಟರ್‌ಫೆರಾನ್, ಗ್ಲಾಟಿರಮರ್ ಎರಡೂ ಈ ಬೆಲೆಗೆ ಬೇಡ ಅಂತ 2002ರಲ್ಲಿ ಹೇಳಿತು. ರೋಗಿಗಳು ಬಿಡಲಿಲ್ಲ. ಅದೇ ವರ್ಷ ಸರ್ಕಾರ ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತು: ಈಗ ಔಷಧಿ ಕೊಡೋಣ, ಹತ್ತು ವರ್ಷ ನೋಡೋಣ, ಹೇಳಿದಷ್ಟು ಗುಣ ಕಾಣದಿದ್ದರೆ ಬೆಲೆ ಇಳಿಸಿ. ನಮ್ಮಜ್ಜನ ಕರಾರೇ, ಅಲ್ವಾ?

2009ರಲ್ಲಿ ಮೊದಲ ಎರಡು ವರ್ಷದ ಲೆಕ್ಕ ಬಂತು. ನಿರೀಕ್ಷೆಗಿಂತ ಕೆಟ್ಟದಾಗಿತ್ತು. ಬೆಲೆ ಇಳಿಯಿತಾ? ಇಲ್ಲ. ಈಗಲೇ ಹೇಳೋಕಾಗಲ್ಲ ಅಂದರು. ಔಷಧಿ ಇಲ್ಲದವರು ಹೇಗಿರುತ್ತಾರೆ ಅಂತ ತಿಳಿಯಲು ಕೆನಡಾದ ಒಂಟಾರಿಯೊದ ಹಳೇ ದಾಖಲೆ ಇಟ್ಟುಕೊಂಡಿದ್ದರು. ಅದರಲ್ಲಿ ಕಾಯಿಲೆ ಏರಿದ್ದಕ್ಕೆ ಲೆಕ್ಕ ಇತ್ತು, ನಡುವೆ ಇಳಿದದ್ದಕ್ಕೆ ಇರಲಿಲ್ಲ. ಹೋಲಿಕೆ ಸರಿಯಾಗಲಿಲ್ಲ ಅಂತ ಆಮೇಲೆ ಕೆನಡಾದ್ದೇ ಆದ ಬ್ರಿಟಿಷ್ ಕೊಲಂಬಿಯಾದ ದಾಖಲೆ ತಂದರು. 2015ರ ಹೊತ್ತಿಗೆ ಆರು ವರ್ಷದ ಲೆಕ್ಕದಲ್ಲಿ ಔಷಧಿ ಕೆಲಸ ಮಾಡುತ್ತದೆ ಅಂತಲೇ ಕಂಡಿತು. ಔಷಧಿ ಅದೇ, ಸೇರು ಬೇರೆ! ಸೇರು ಯಾವುದು ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದರೆ ಇಷ್ಟು ವರ್ಷ ಹೋಗುತ್ತಿರಲಿಲ್ಲ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಈ ಕಾಯಿಲೆಯ ಹೆಸರಿದೆ. ಔಷಧಿಗೆ ಸರ್ಕಾರವನ್ನು ಕೇಳುವವರು ಕೇಳಲೇಬೇಕು. ಜೊತೆಗೆ ಸೇರು ಯಾರ ಕೈಯಲ್ಲಿರುತ್ತೆ ಅಂತಲೂ ಕೇಳಿ. ಬೆಲೆ ಚೌಕಾಸಿಯ ವಿಷಯ ಇನ್ನೂ ಇತ್ತು, ಹಸುವಿನ ಕಥೆಯೇ ಜಾಸ್ತಿ ಆಯಿತು. ಗಾಜಿನ ಆಚೆಯಿಂದ ಸಮಯ ಮುಗಿಯಿತು ಅಂತ ಕೈ ತೋರಿಸುತ್ತಿದ್ದಾರೆ. ನಮಸ್ಕಾರ.