ಹಲಗೆ, ಕಿತ್ತಳೆ, ಗೋಣಿಚೀಲ

ಕೇಳುಗರಿಗೆ ನಮಸ್ಕಾರ. ಅಂಗನವಾಡಿಯಲ್ಲಿ, ಒಂದನೇ ಎರಡನೇ ತರಗತಿಯಲ್ಲಿ ಕಲಿಸುವವರಿಗೂ, ಮನೆಯಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿರುವ ಅಪ್ಪ ಅಮ್ಮಂದಿರಿಗೂ ಈ ಮಾತು.

ಬಲ ಅಂದರೆ ಏನು ಅಂತ ಮಗುವಿಗೆ ಬಾಯಲ್ಲಿ ವಿವರಿಸಲು ಹೋಗಬೇಡಿ. ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳದಲ್ಲಿ ಎಳೆದ ಮಗುವನ್ನೇ ಕೇಳಿ: ಹೊರಡಿಸುವಾಗ ಕಷ್ಟವೋ, ಹೊರಟ ಮೇಲೋ? ಹೊರಡಿಸುವಾಗಲೇ ಅನ್ನುತ್ತದೆ. ನಿಂತದ್ದನ್ನು ಕದಲಿಸಲು, ಜಾರುತ್ತಿರುವುದನ್ನು ಎಳೆಯುವುದಕ್ಕಿಂತ ಹೆಚ್ಚು ಬಲ ಬೇಕು. ಹೈಸ್ಕೂಲಿನ ಈ ಪಾಠ ಅದರ ತೋಳಿಗೆ ಆಗಲೇ ಗೊತ್ತು. ನಮ್ಮ ಕೊಡಗಿನ ಮನೆಮಾತುಗಳಾದ ಕೊಡವ ತಕ್ಕ್ ಆಡುವ ಮಗುವಾಗಲಿ, ಅರೆಭಾಷೆ ಆಡುವ ಮಗುವಾಗಲಿ, ತಳ್ಳುವುದಕ್ಕೂ ಎಳೆಯುವುದಕ್ಕೂ ಮನೆಮಾತನ್ನೇ ಹೇಳಲಿ. ಒಂದಕ್ಕೊಂದು ಉಜ್ಜುವಾಗ ಚಲನೆಯನ್ನು ತಡೆಯುವ ಬಲಕ್ಕಿರುವ ಘರ್ಷಣೆ ಅನ್ನುವ ಪದಕ್ಕೆ ಅವಸರವಿಲ್ಲ.

ಈಗ ಮೂರು ಅಡಿ ಉದ್ದದ, ಗೇಣಗಲದ ಒಂದು ಹಲಗೆ ತನ್ನಿ. ಒಂದು ತುದಿಯ ಕೆಳಗೆ ಒಂದು ಇಟ್ಟಿಗೆ ಮಲಗಿಸಿ. ಮೇಲಿನ ತುದಿಯಲ್ಲಿ ಕಿತ್ತಳೆ ಇಟ್ಟು ಕೈ ಬಿಡಿ. ಬಿಡಬೇಕು ಅಷ್ಟೆ, ನೂಕಬಾರದು. ಮಕ್ಕಳು ನೂಕಿಯೇ ನೂಕುತ್ತಾರೆ. ಅದಕ್ಕೆ ಕಿತ್ತಳೆಯ ಮುಂದೆ ಒಂದು ಅಡ್ಡಪಟ್ಟಿ ಹಿಡಿದು, ಅದನ್ನು ಮೇಲಕ್ಕೆತ್ತಲು ಹೇಳಿ. ಹಣ್ಣು ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದು, ದೂರವನ್ನು ಗೇಣಿನಲ್ಲಿ ಅಳೆಯಲಿ. ಆಮೇಲೆ ಎರಡು ಇಟ್ಟಿಗೆ. ಕಿತ್ತಳೆ ಇನ್ನೂ ದೂರ ಹೋಗುತ್ತದೆ.

ಮೂರು ನಾಲ್ಕು ಇಟ್ಟಿಗೆ ಪೇರಿಸಿದರೆ ಆಟ ಕೆಡುತ್ತದೆ. ಕಡಿದಾದ ಹಲಗೆಯಿಂದ ಇಳಿದ ಹಣ್ಣು ನೆಲಕ್ಕೆ ಕುಕ್ಕಿ ಪುಟಿಯುತ್ತದೆ, ವೇಗ ಅಲ್ಲೇ ಸೋರಿಹೋಗುತ್ತದೆ. ಹಲಗೆ ನೆಲ ಸೇರುವಲ್ಲಿ ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ಹಾಸಿದರೆ ಹಣ್ಣು ಮೆಲ್ಲಗೆ ಇಳಿಯುತ್ತದೆ. ಇನ್ನೊಂದು ಎಚ್ಚರ: ನಮ್ಮ ಕಡೆಯ ಜಗಲಿಗಳಿಗೆ ಮಳೆನೀರು ಹರಿದುಹೋಗಲೆಂದು ಹೊರಕ್ಕೆ ವಾಟ ಕೊಟ್ಟಿರುತ್ತಾರೆ. ಮೊದಲು ಬರೀ ನೆಲದ ಮೇಲೆ ಹಣ್ಣಿಟ್ಟು ನೋಡಿ. ತಾನೇ ಉರುಳಿದರೆ ಆ ಜಾಗ ಬೇಡ.

ಇನ್ನು ಗೋಣಿಚೀಲ. ಹಲಗೆಯ ಎತ್ತರ ಬದಲಿಸದೆ, ಎದುರಿನ ನೆಲಕ್ಕೆ ಕಾಫಿ ತುಂಬುವ ಗೋಣಿಚೀಲವನ್ನು ಸುಕ್ಕಿಲ್ಲದಂತೆ ಹಾಸಿ. ಹಣ್ಣು ಬಿಡುವ ಮೊದಲು ಪ್ರತಿ ಮಗುವೂ ಒಂದೊಂದು ಬೆಣಚುಕಲ್ಲನ್ನು 'ಇಲ್ಲಿ ನಿಲ್ಲುತ್ತೆ' ಅಂತ ಇಡಲಿ. ಸಿಮೆಂಟಿನ ಮೇಲೆ ಓಡಿದ ಕಿತ್ತಳೆ ಗೋಣಿಯ ಮೇಲೆ ಬೇಗ ಸೋಲುತ್ತದೆ. ಏಕೆ ಅಂತ ನೀವು ಹೇಳಬೇಡಿ. ಅಂಗೈಯನ್ನು ಮೊದಲು ಸಿಮೆಂಟಿನ ಮೇಲೆ, ಆಮೇಲೆ ಗೋಣಿಯ ಮೇಲೆ ಸವರಲು ಹೇಳಿ. ಕಲ್ಲು ತಪ್ಪಾಗಿ ಇಟ್ಟ ಮಗುವೇ ಅತಿ ಹೆಚ್ಚು ಹೊತ್ತು ಯೋಚಿಸುತ್ತದೆ, ಅದನ್ನು ನಗೆಪಾಟಲು ಮಾಡಬೇಡಿ.

ಕಾಳುಮೆಣಸು, ಕಾಫಿ ಬೀಜ ಉರುಳಿಸುವುದು ಬೇಡ. ಚಿಕ್ಕವರು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ.

ಬೀಳುವ ಆಟ ಕೊನೆಗಿರಲಿ, ಅದು ಕಣ್ಣಿಗೆ ಸಿಗದಷ್ಟು ಬೇಗ ಮುಗಿದುಹೋಗುತ್ತದೆ. ಸುಮಾರು 400 ವರ್ಷದ ಹಿಂದೆ ಇಟಲಿಯ ವಿಜ್ಞಾನಿ ಗೆಲಿಲಿಯೋ ಕೂಡ ಇದೇ ತೊಡಕಿಗಾಗಿ ಇಳಿಜಾರಿನಲ್ಲಿ ಗುಂಡು ಉರುಳಿಸಿ ಅಳೆದದ್ದು. ಹಾಗಾಗಿ ಮಕ್ಕಳ ಕಣ್ಣು ಮುಚ್ಚಿಸಿ, ಬೀಳುವ ಸದ್ದಿಗೆ ಕಿವಿಗೊಡಲಿ. ಕಿತ್ತಳೆ, ನಿಂಬೆಹಣ್ಣು ಎರಡನ್ನೂ ಭುಜದೆತ್ತರದಿಂದ ಒಟ್ಟಿಗೆ ಬಿಡಿ. ದೊಡ್ಡದು ಮೊದಲು ಬೀಳುತ್ತದೆ ಅಂದಿದ್ದ ಮಕ್ಕಳಿಗೆ ಕೇಳುವುದು ಒಂದೇ ಸದ್ದು. ಆಮೇಲೆ ಒಂದೇ ಅಳತೆಯ ಎರಡು ಕಾಗದ ತೆಗೆದುಕೊಂಡು, ಒಂದನ್ನು ಗಟ್ಟಿಯಾಗಿ ಉಂಡೆ ಮಾಡಿ, ಇನ್ನೊಂದನ್ನು ಹಾಗೇ ಅಗಲವಾಗಿ ಹಿಡಿದು, ಎರಡನ್ನೂ ಒಟ್ಟಿಗೆ ಬಿಡಿ. ಈಗ ಕಣ್ಣು ಬಿಟ್ಟುಕೊಂಡೇ ನೋಡಲಿ.