ಏಳಕ್ಕೆ ನಾಲ್ಕು

ಕೇಳುಗರಿಗೆ ನಮಸ್ಕಾರ.

ಸುಳ್ಯ, ಪುತ್ತೂರು ಕಡೆಯವರಾದರೆ ನೀವು ನೋಡಿಯೇ ಇರುತ್ತೀರಿ. ನಸುಕಿನಲ್ಲಿ ರಬ್ಬರ್ ತೋಟದೊಳಗೆ ಹಣೆಗೆ ಕಟ್ಟಿದ ಲೈಟುಗಳು ಮರದಿಂದ ಮರಕ್ಕೆ ಹೋಗುತ್ತಿರುತ್ತವೆ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ, ಅದಕ್ಕೇ ಕತ್ತಲಲ್ಲೇ ಟ್ಯಾಪಿಂಗ್. ತೊಗಟೆಯನ್ನು ಓರೆಯಾಗಿ, ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಕತ್ತಿ ಸ್ವಲ್ಪ ಆಳಕ್ಕೆ ಹೋಗಿ ಒಳಗಿನ ಮರಕ್ಕೆ ತಾಗಿದರೆ ಅಲ್ಲಿ ಗಂಟು ಬೀಳುತ್ತದೆ, ಮುಂದೆ ಅಲ್ಲಿ ಕೆತ್ತುವ ಹಾಗಿಲ್ಲ. ಆ ಲೈಟುಗಳ ನಡುವೆ ಕೇಳಿಸುವ ಮಾತು ತುಳುವಲ್ಲ, ಅರೆಭಾಷೆಯೂ ಅಲ್ಲ, ತಮಿಳು. ಊರವರು ಇವರನ್ನು ಸಿಲೋನಿನವರು ಅನ್ನುತ್ತಾರೆ. ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಇದೇ ಜನಕ್ಕೆ ಇಂಡಿಯನ್ ತಮಿಳರು ಎಂದು ಹೆಸರಿತ್ತು.

ಕಥೆ ಶುರುವಾಗುವುದು ಕಾಫಿಯಿಂದ. ಸಿಲೋನಿನ ಗುಡ್ಡಗಳಲ್ಲಿ ಬ್ರಿಟಿಷರು ಮೊದಲು ಬೆಳೆದದ್ದು ಕಾಫಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಎಲೆತುಕ್ಕು ರೋಗ ಅಲ್ಲಿನ ಕಾಫಿಯನ್ನು ತಿಂದು ಹಾಕಿತು. ಆ ಜಾಗಕ್ಕೆ ಚಹಾ ಬಂತು. ಚಹಾಕ್ಕೆ ವರ್ಷವಿಡೀ ಕೈ ಬೇಕು. ತಿರುಚಿ, ಸೇಲಂ, ರಾಮನಾಥಪುರದ ಕಡೆಯ ಬಡವರನ್ನು ಕಂಗಾಣಿಗಳು, ಅಂದರೆ ಆಳು ಕೂಡಿಸುವ ಮೇಸ್ತ್ರಿಗಳು, ಮುಂಗಡ ಕೊಟ್ಟು ಕರೆದೊಯ್ದರು. ಹೋದವರು ಲೈನ್ ಮನೆಗಳಲ್ಲಿ ಉಳಿದರು, ಅಲ್ಲೇ ಹೆತ್ತರು, ಅಲ್ಲೇ ಸತ್ತರು.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಆ ವರ್ಷವೇ ಬಂದ ಪೌರತ್ವ ಕಾಯ್ದೆ ಅಪ್ಪ, ಅಜ್ಜಂದಿರು ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ಕೇಳಿತು. ಲೈನ್ ಮನೆಯಲ್ಲಿ ಹುಟ್ಟಿದ ಕೂಸಿಗೆ ಜನನಪತ್ರ ಬರೆಸಿದವರು ಯಾರು? ಮರುವರ್ಷ ಮತದ ಹಕ್ಕೂ ಹೋಯಿತು. ಅವರು ಅಲ್ಲೇ ನೆಲೆಸಿದವರು, ನಿಮ್ಮವರೇ ಎಂದು ನೆಹರೂ ವಾದಿಸುತ್ತ ಬಂದರು. ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಚೀನಾದ ಯುದ್ಧ ಮುಗಿದು ಎರಡೇ ವರ್ಷ. ನೆರೆಯವರ ಜೊತೆ ಕಿರಿಕಿರಿ ಬೇಡ ಅನ್ನಿಸಿರಬೇಕು.

ಲೆಕ್ಕ ಕೇಳಿ. ಎರಡೂ ದೇಶಕ್ಕೆ ಸೇರದ ಜನ 9,75,000. ಅದರಲ್ಲಿ ಭಾರತಕ್ಕೆ 5,25,000, ಸಿಲೋನಿಗೆ 3,00,000. ಹದಿನೈದು ವರ್ಷದಲ್ಲಿ ಮುಗಿಸಬೇಕು. ಭಾರತ ಏಳು ಜನರನ್ನು ಕರೆಸಿಕೊಂಡರೆ ಸಿಲೋನ್ ನಾಲ್ಕು ಜನಕ್ಕೆ ಪೌರತ್ವ ಕೊಡುವುದು. ಅಡಿಕೆ ಪಾಲು ಮಾಡುವಾಗಲೂ ನಮ್ಮಲ್ಲಿ ತೋಟದವನನ್ನು ಒಂದು ಮಾತು ಕೇಳುತ್ತಾರೆ. ಇವರನ್ನು ಯಾರೂ ಕೇಳಲಿಲ್ಲ. ಉಳಿದ ಒಂದೂವರೆ ಲಕ್ಷವನ್ನು 1974ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೋ ಸರಿ ಅರ್ಧ ಮಾಡಿದರು, ಎಪ್ಪತ್ತೈದು ಸಾವಿರ ಅತ್ತ, ಎಪ್ಪತ್ತೈದು ಸಾವಿರ ಇತ್ತ. ಅದೇ ವರ್ಷ ಜೂನಿನಲ್ಲಿ ಕಚ್ಚತೀವು ಶ್ರೀಲಂಕಾಕ್ಕೆ ಹೋಯಿತು. ಮುನ್ನೂರು ಎಕರೆಯೂ ಇಲ್ಲದ, ಒಂದು ಮನೆಯೂ ಇಲ್ಲದ ಆ ದ್ವೀಪದ ಬಗ್ಗೆ ಇವತ್ತಿಗೂ ಚುನಾವಣೆ ಭಾಷಣ ನಡೆಯುತ್ತದೆ. ಒಂದೂವರೆ ಲಕ್ಷ ಮನುಷ್ಯರ ಬಗ್ಗೆ ಯಾರಾದರೂ ಮಾತಾಡಿದ್ದು ನಾನು ಕೇಳಿಲ್ಲ.

ಒಪ್ಪಂದವಾಗಿ ಎರಡು ತಿಂಗಳಿಗೇ ಚಂಡಮಾರುತ ಬಂದು, ಆವರೆಗೆ ಸಿಲೋನಿನ ಹಡಗು ಬರುತ್ತಿದ್ದ ಧನುಷ್ಕೋಟಿ ಕೊಚ್ಚಿಹೋಯಿತು. ಆಮೇಲೆ ಅಲ್ಲಿನ ತಲೈಮನ್ನಾರಿನಿಂದ ಹಡಗು ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಶಿಬಿರಕ್ಕೆ. ಸರ್ಕಾರಿ ಕಾಗದದಲ್ಲಿ ಇದಕ್ಕೆ ‘ತಾಯ್ನಾಡಿಗೆ ವಾಪಸಾತಿ’ ಎಂದು ಹೆಸರು. ಬಂದವರಲ್ಲಿ ಹೆಚ್ಚಿನವರು ಈ ನಾಡನ್ನು ಅದುವರೆಗೆ ಕಣ್ಣಲ್ಲಿ ಕಂಡವರಲ್ಲ. ನೀಲಗಿರಿಯ ಚಹಾ, ಕೇರಳದ ಪುನಲೂರಿನ ರಬ್ಬರ್, ಆಂಧ್ರದ ನೂಲಿನ ಗಿರಣಿ, ಹೀಗೆ ಹಂಚಿಹೋದರು. ನಮ್ಮ ಪಾಲಿಗೆ ಬಂದವರಿಗಾಗಿ ಸುಳ್ಯ, ಪುತ್ತೂರಿನ ಕಾಡಂಚಿನಲ್ಲಿ ರಬ್ಬರ್ ಎದ್ದಿತು. ಈಗ ಅದನ್ನು ನೋಡಿಕೊಳ್ಳುವುದು ಅರಣ್ಯ ಅಭಿವೃದ್ಧಿ ನಿಗಮ.

ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ನಿವೃತ್ತರಾಗಿ ಮಗಳ ಲೈನ್ ಮನೆಯಲ್ಲಿದ್ದಾರೆ, ಮಗಳೂ ಟ್ಯಾಪರ್. ಸಿಲೋನಿನ ಗುಡ್ಡಗಾಡಿನ ಹಟನ್ ಹತ್ತಿರದ ಚಹಾ ತೋಟದಲ್ಲಿ ಹುಟ್ಟಿದವರು, ಹನ್ನೆರಡರ ವಯಸ್ಸಿಗೆ ಹಡಗು ಹತ್ತಿದರು. ದೊಡ್ಡಪ್ಪನ ಅರ್ಜಿ ಅಲ್ಲಿಗೆ, ಅಪ್ಪನ ಅರ್ಜಿ ಇಲ್ಲಿಗೆ. ಹಾಗಾಗಿ ಜೊತೆಗೇ ಬೆಳೆದ ಮಕ್ಕಳು ಬೇರೆ ಬೇರೆ ದೇಶದವರಾದರು. ಟ್ರಂಕಿನಿಂದ ಕ್ಯಾಂಡಿಯಲ್ಲಿ ಕೊಟ್ಟ ಭಾರತದ ಪಾಸ್‌ಪೋರ್ಟ್ ತೆಗೆದು ತೋರಿಸಿದರು. ಅಪ್ಪ, ಅಮ್ಮ, ಮೂರು ಮಕ್ಕಳು, ಎಲ್ಲರೂ ಒಂದೇ ಫೋಟೋದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. “ಅಲ್ಲಿ ಚಳಿ ಮಾರಾಯ್ರೇ, ಇಲ್ಲಿ ಬಂದ ಮೊದಲ ಮಳೆಗಾಲ ಬರೀ ಜಿಗಣೆ,” ಅಂದರು. ಮೊಮ್ಮಗನ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ನಿಮ್ಮ ಮೂಲ ಯಾವುದು ಎಂದು ಕೇಳಿದರಂತೆ. ಯಾವ ಮೂಲ ಹೇಳುವುದು ಎಂದು ಇವರು ನನ್ನನ್ನೇ ಕೇಳಿದರು.

1984ರಲ್ಲಿ ಶ್ರೀಲಂಕಾದ ಒಳಯುದ್ಧದಿಂದ ಹಡಗು ನಿಂತಿತು. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಸಾವಿರಾರು ಮಂದಿ ಅಲ್ಲಿ ಉಳಿದರು. ಅವರಿಗೆ ಶ್ರೀಲಂಕಾ ಪೌರತ್ವ ಕೊಡುವ ಕಾನೂನು ಬಂದದ್ದು 2003ರಲ್ಲಿ. ಅಕ್ಕನ ದೊಡ್ಡಪ್ಪನ ಮಕ್ಕಳು ಈಗ ವಾಟ್ಸಾಪಿನಲ್ಲಿ ಸಿಗುತ್ತಾರೆ.

2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಮತ್ತೆ ಹಡಗು ಶುರುವಾದ ಸುದ್ದಿ ಹೇಳಲು ನಾನು ಉಮೇದಿನಿಂದಲೇ ಹೋದೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಉತ್ತರದ ತುದಿಗೆ, ಜಾಫ್ನಾದ ಕಾಂಕೇಸಂತುರೈಗೆ ಅಂದೆ.

“ಅದು ನಮ್ಮ ಕಡೆ ಅಲ್ಲ,” ಅಂದರು. ಮಗಳು ಚಹಾ ತಂದಿಟ್ಟಳು. ಅಕ್ಕ ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಒಂದು ಗುಟುಕು ಕುಡಿದರು. “ಡಸ್ಟ್,” ಅಂದರು ಮಗಳಿಗೆ. “ಎಷ್ಟು ಸಲ ಹೇಳಿದ್ದೇನೆ, ಎಲೆ ತಾ ಅಂತ.”